ಕಂಪ್ಯೂಟರ್ ಸ್ಲೋ ಆಯ್ತಾ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಸ್ವಲ್ಪ ತಡೆಯಿರಿ

ರಾಜಾಜಿನಗರದಲ್ಲಿ ನಮ್ಮ ಚಿಕ್ಕಪ್ಪನದ್ದೊಂದು ಝೆರಾಕ್ಸ್ ಅಂಗಡಿ ಇದೆ. ಆಯುಧಪೂಜೆ ಹತ್ತಿರ ಬಂತು ಅಂದರೆ ಸಿಪಿಯು ಡಬ್ಬ ಎತ್ತಿಕೊಂಡು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸಿ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬರುವುದು ಅವರ ಪದ್ಧತಿ. ಕೇಳಿದರೆ, "ಗಾಡಿ ಸರ್ವೀಸ್ ಮಾಡಿಸಲ್ವಾ, ಇದೂ ಹಾಗೇ ಕಣೋ" ಅನ್ನುತ್ತಾರೆ.

ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಈ ಮಾತು ತಪ್ಪೇನಲ್ಲ. ಹಾಕಿದ್ದು ತೆಗೆದಿದ್ದು ಎಲ್ಲದರ ಕಸ ಒಳಗೇ ಉಳಿಯುತ್ತಿತ್ತು, ವೈರಸ್ ಕಾಟ ಬೇರೆ. ಈಗಿನ ವಿಂಡೋಸ್ 10, 11ಕ್ಕೆ ವರ್ಷಕ್ಕೊಂದು ಫಾರ್ಮ್ಯಾಟ್ ಬೇಕಾಗಿಲ್ಲ. ಸ್ಲೋ ಆಗಿದ್ದಕ್ಕೆ ಕಾರಣ ಬೇರೆಲ್ಲೋ ಇರುತ್ತದೆ, ಅದನ್ನು ಹುಡುಕಬೇಕು.

ಮೊದಲು ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಬೇಗ ಆನ್ ಆಗಲಿ ಅಂತ ಇರುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನೆನಪಿಟ್ಟುಕೊಂಡೇ ಮಲಗುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಭಾಗದಲ್ಲಿ, ಆನ್ ಆದ ಕೂಡಲೇ ತಾನಾಗಿ ಶುರುವಾಗುವ ಆ್ಯಪ್‌ಗಳಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ. ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಜಾಗ ಖಾಲಿ ಮಾಡಿ.

ಚಿಕ್ಕಪ್ಪನ ಮೆಷಿನ್‌ನಲ್ಲಿ ನಾನು ಇಷ್ಟೇ ಮಾಡಿ ಕೂತೆ. ಆಗ ಕಣ್ಣಿಗೆ ಬಿತ್ತು: ಏನೂ ತೆರೆಯದೇ ಇದ್ದರೂ ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಕಾಲಂನಲ್ಲಿ ನೂರಕ್ಕೆ ನೂರು, ಒಳಗಿಂದ ಕಟ ಕಟ ಸದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಫ್ರೀ ಸಾಫ್ಟ್‌ವೇರ್ ಇದೆ, ಅದನ್ನು ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ "ಕಾಶನ್", ಅಂದರೆ ಎಚ್ಚರಿಕೆ. ಹಾರ್ಡ್ ಡಿಸ್ಕೇ ಸಾಯುತ್ತಿದೆ, ಇವರು ಅದರ ಮೇಲೆ ಹೊಸ ವಿಂಡೋಸ್ ಹಾಕಿಸಿಕೊಂಡು ಬರುತ್ತಿದ್ದಾರೆ! ಫೈಲ್‌ಗಳನ್ನು ಮೊದಲು ಹೊರಗೆ ತೆಗೆದು, ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿದೆವು. ಆನ್ ಮಾಡಿ ಹೋಗಿ ಕಾಫಿ ಕುಡಿದು ಬರುತ್ತಿದ್ದವರು ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ. ನಿಮ್ಮದು ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಫಾರ್ಮ್ಯಾಟ್‌ಗೆ ಕೊಡುವ ದುಡ್ಡನ್ನು ಇದಕ್ಕೆ ಸೇರಿಸಿ ಅಂತ ನನ್ನ ಸಲಹೆ. ಫ್ಯಾನ್‌ಗೆ ಕಟ್ಟಿದ ಧೂಳನ್ನೂ ಒಮ್ಮೆ ತೆಗೆಸಿ.

ಹಾಗಾದರೆ ಫಾರ್ಮ್ಯಾಟ್ ಬೇಡವೇ ಬೇಡವಾ? ಬೇಕು, ಕೆಲವು ಸಲ. ಕೆಟ್ಟ ವೈರಸ್ ಹೊಕ್ಕಿದ್ದರೆ, ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಂಡರೆ ಅಥವಾ ಮಾರುವುದಿದ್ದರೆ ಪೂರ್ತಿ ಅಳಿಸಿಯೇ ಹಾಕಿ. ಬರೀ ಅಪ್‌ಡೇಟ್ ಕೈಕೊಡುತ್ತಿದ್ದರೆ, ವಿಂಡೋಸ್ 11ರ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ "ರೀಇನ್‌ಸ್ಟಾಲ್ ನೌ" ಇದೆ. ಫೈಲು, ಆ್ಯಪ್‌ಗಳು ಇದ್ದಲ್ಲೇ ಇರುತ್ತವೆ, ವಿಂಡೋಸ್ ಮಾತ್ರ ರಿಪೇರಿ ಆಗುತ್ತದೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದನ್ನೇ ಮತ್ತೆ ಮತ್ತೆ ಹಾಕಿಸಿ ಪ್ರಯೋಜನವಿಲ್ಲ.

ಅಂಗಡಿಗೆ ಕೊಡುವುದಾದರೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಕ್ರ್ಯಾಕ್ (ಲೈಸೆನ್ಸ್ ಇಲ್ಲದ ಕಳ್ಳ ಕಾಪಿ) ಹಾಕಬೇಡಿ ಅಂತ. ನನ್ನ ಲ್ಯಾಪ್‌ಟಾಪ್ ಜೊತೆ ಒರಿಜಿನಲ್ ವಿಂಡೋಸ್ ಹೋಮ್ ಬಂದಿತ್ತು, ಒಬ್ಬರು ಅದನ್ನು ಅಳಿಸಿ ಕ್ರ್ಯಾಕ್ ಮಾಡಿದ ಪ್ರೊ ಹಾಕಿ ಕೈಗಿಟ್ಟರು. ಅದೇ ಎಡಿಷನ್ ಹಾಕಿದ್ದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತಿತ್ತು.

ಬ್ಯಾಕಪ್ ತೆಗೆಯುವಾಗ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಟ್ಯಾಲಿ ಡೇಟಾ, ಬ್ರೌಸರ್‌ನ ಪಾಸ್‌ವರ್ಡ್, ಆಮೇಲೆ ನುಡಿ, ಬರಹ ಫಾಂಟ್‌ಗಳು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಗಾಬರಿಯಾಗಬೇಡಿ, ಫಾಂಟ್ ಹಾಕಿದರೆ ಸರಿ ಹೋಗುತ್ತದೆ. ಕಾಪಿ ಆದ ಮೇಲೆ ಬ್ಯಾಕಪ್ ಇರುವ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಎರಡು ಮೂರು ಫೈಲ್ ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಫಾರ್ಮ್ಯಾಟ್‌ಗೆ ಹೂಂ ಅನ್ನಿ.