ಕುಣಿಮಗ್ಗಕ್ಕೆ ಬೆಳಕು, ಆಡಿಟ್‌ಗೆ ಹದಿನೇಳು ರೂಪಾಯಿ ಎಪ್ಪತ್ತು ಪೈಸೆ: ನನ್ನ ಅನುಭವ

ಹೋದ ತಿಂಗಳು ನಮ್ಮ ವಿದ್ಯಾರ್ಥಿ ಯೋಜನೆಯ ಬಳಕೆ ಪ್ರಮಾಣಪತ್ರ, ಅಂದರೆ ಅನುದಾನದ ಹಣ ಖರ್ಚಾದ ಲೆಕ್ಕ, ಒಂದೇ ಒಂದು ಆಕ್ಷೇಪಣೆ ಇಲ್ಲದೆ ಅಂಗೀಕಾರವಾಯಿತು. ಅನುದಾನದ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು, ಮಾಡದವರಿಗೆ ಹೇಳಿದರೂ ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ‘ಬಿ.ಎಸ್‌ಸಿ. ಹುಡುಗರನ್ನು ಕಟ್ಟಿಕೊಂಡು ಇಳಕಲ್ಲಿನ ಮಗ್ಗ ಸುಧಾರಿಸುತ್ತಾರಂತೆ’ ಎಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಅರ್ಜಿಯ ಪ್ರತಿ ಕೇಳಿ ಪಡೆದಿದ್ದಾರೆ. ಕೊಟ್ಟಿದ್ದೇನೆ, ಬಜೆಟ್ಟಿನ ಪುಟ ಬಿಟ್ಟು.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎಂಜಿನಿಯರಿಂಗ್ ಕಾಲೇಜಿನವರಿಗೆ ಅನುದಾನ ಹೊಸದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆಗಳು ದಶಕಗಳಿಂದ ನಡೆಯುತ್ತಿವೆ. ನಮ್ಮಂಥ ಬಿ.ಎ., ಬಿ.ಎಸ್‌ಸಿ. ಕಾಲೇಜುಗಳಲ್ಲಿ ಸಮುದಾಯದ ಕೆಲಸ ಎಂದರೆ ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ. ಹಳ್ಳಿಗೆ ಹೋಗಿ ಚರಂಡಿ ಬಳಿದು, ಸಸಿ ನೆಟ್ಟು, ಫೋಟೋ ತೆಗೆದು ಬರುವುದು. ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಆದ್ದರಿಂದ ವಿಶ್ವವಿದ್ಯಾಲಯದಿಂದ ‘ವಿದ್ಯಾರ್ಥಿ ಮತ್ತು ಸಮುದಾಯ ಯೋಜನೆಗಳಿಗೆ ಧನಸಹಾಯ’ ಎಂಬ ಸುತ್ತೋಲೆ ಬಂದಾಗ ಅರ್ಜಿ ಹಾಕಿದ್ದು ನಾನೊಬ್ಬನೇ.

ಮೊದಲ ಅರ್ಜಿ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಕೇಳಿದ್ದು ಮೂರು ಲಕ್ಷದ ಚಿಲ್ಲರೆ. ಶೀರ್ಷಿಕೆ: ‘ಸೌರಶಕ್ತಿ ಆಧಾರಿತ ಸ್ವಯಂಚಾಲಿತ ಕೈಮಗ್ಗ’. ಸಮಿತಿಯ ಮುಂದೆ ನಮ್ಮ ಹುಡುಗ ಇಪ್ಪತ್ತು ಸ್ಲೈಡು ತೋರಿಸಿ ಮುಗಿಸಿದ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ಒರೆಸುತ್ತ ಒಂದೇ ಪ್ರಶ್ನೆ ಕೇಳಿದರು: ‘ಸ್ವಯಂಚಾಲಿತವಾದ ಮೇಲೆ ಅದು ಕೈಮಗ್ಗ ಹೇಗಾಗುತ್ತದೆ?’ ವಿದ್ಯುತ್‌ಮಗ್ಗವಲ್ಲದ್ದೇ ಕೈಮಗ್ಗ ಎಂದು 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಹೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ ವಾಪಸು ಬರುವಾಗ, ಮೊಬೈಲಿನಲ್ಲಿ ಹುಡುಕಿದ ಮೇಲೆ. ತಿರಸ್ಕಾರದ ಪತ್ರ ಎರಡು ಸಾಲಿನದು. ಅದಕ್ಕಾಗಿ ಸಿದ್ಧಪಡಿಸಿದ ಮಾದರಿ, ಬಣ್ಣದ ಮುದ್ರಣ, ಓಡಾಟ ಎಲ್ಲ ಸೇರಿ ಆರೇಳು ಸಾವಿರ ನನ್ನ ಕೈಯಿಂದ ಹೋಗಿತ್ತು.

ತಪ್ಪು ಎಲ್ಲಿತ್ತೆಂದರೆ, ಆ ಅರ್ಜಿ ಬರೆಯುವವರೆಗೆ ನಾವು ಯಾರೂ ಒಬ್ಬ ನೇಕಾರರ ಮನೆಯಲ್ಲಿ ಒಂದು ತಾಸು ಸುಮ್ಮನೆ ಕುಳಿತಿರಲಿಲ್ಲ. ಆಮೇಲೆ ಕುಳಿತೆವು. ಇಳಕಲ್ಲಿನ ಹಳೆಯ ಓಣಿಯ ಮನೆ, ಪಡಸಾಲೆಯಲ್ಲೇ ಕುಣಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಅರವತ್ತರ ಹತ್ತಿರದ ತಾಯಿಯೊಬ್ಬರು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ‘ಟೋಪ್ ತೆನಿ’ ಸೆರಗಿನ ಗುಟ್ಟು ಅದೇ. ಆ ತಾಯಿ ಒಡಲಿನ ಕಡುಗಪ್ಪು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಸೆರಗಿನ ಕೆಂಪು ಎಳೆಯ ಕುಣಿಕೆಯೊಳಗೆ ತೂರಿಸಿ, ತಲೆ ಓರೆ ಮಾಡಿ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪ್ರತಿ ಸಲವೂ ಕುತ್ತಿಗೆ ಬಾಗಿಲ ಕಡೆ ತಿರುಗಬೇಕು. ಮೋಟಾರಿನ ಮಾತು ತೆಗೆದಾಗ ಅವರು ಹೇಳಿದ್ದು ಇಷ್ಟೇ: ‘ಮಾಸ್ತರರೇ, ಮೋಟಾರು ತೆಗೆದುಕೊಂಡು ನಾನೇನು ಮಾಡಲಿ? ಸಂಜೆಯಾದರೆ ಎಳೆ ಕಾಣುವುದಿಲ್ಲ. ಅದಕ್ಕೇನಾದರೂ ದಾರಿ ಇದ್ದರೆ ನೋಡಿ.’

ಮೊಬೈಲಿನ ಆ್ಯಪ್‌ನಿಂದ ಅಳೆದೆವು. ಬೆಳಕು ಅಳೆಯುವ ಕಾಲೇಜಿನ ಲಕ್ಸ್ ಮೀಟರಿನೊಂದಿಗೆ ಹೋಲಿಸಿದರೆ ಆ್ಯಪ್ ನೂರಕ್ಕೆ ಹತ್ತು ಹದಿನೈದರಷ್ಟು ತಪ್ಪು ತೋರಿಸುತ್ತದೆ, ಇರಲಿ. ಕೊಂಡಿ ಹಾಕುವ ಜಾಗದಲ್ಲಿ ಸಿಕ್ಕಿದ್ದು ಅರವತ್ತು ಎಪ್ಪತ್ತು ಲಕ್ಸ್. ಇಂಥ ಸೂಕ್ಷ್ಮ ಕೆಲಸಕ್ಕೆ ಐನೂರಕ್ಕಿಂತ ಕಡಿಮೆ ಇರಬಾರದು.

ಎರಡನೆಯ ವರ್ಷ ಅರ್ಜಿ ಪಾಸಾಯಿತು. ಅರವತ್ತು ಸಾವಿರ, ಎರಡು ಕಂತು. ಊರಿಗೆಲ್ಲ ಪೇಢೆ ಹಂಚಿದೆ. ಅಲ್ಲಿಂದ ಶುರುವಾಯಿತು ನಿಜವಾದ ಪಜೀತಿ.

ಮೊದಲನೆಯದು, ತಾಂತ್ರಿಕ ತಪ್ಪು. ಹನ್ನೆರಡು ಮಗ್ಗಗಳ ಮೇಲೆ ಟ್ಯೂಬ್ ಮಾದರಿಯ ಎಲ್‌ಇಡಿ ತೂಗುಹಾಕಿದೆವು. ಮೀಟರು ಆರುನೂರು ತೋರಿಸಿತು, ನಾವು ಚಪ್ಪಾಳೆ ತಟ್ಟಿಕೊಂಡೆವು. ನೇಯುವವರು ಮುಂದೆ ಬಾಗಿದ ಕೂಡಲೇ ಅವರ ತಲೆಯ ನೆರಳೇ ಎಳೆಯ ಮೇಲೆ! ನಾವು ಅಳೆಯುವಾಗ ಮಗ್ಗದ ಮುಂದೆ ಯಾರನ್ನೂ ಕೂರಿಸಿರಲಿಲ್ಲ. ಮೇಲಾಗಿ ಸೆರಗಿನ ರೇಷ್ಮೆ ನೂಲು ಬೆಳಕಿಗೆ ಮಿರಮಿರ ಮಿಂಚಿ ಕಣ್ಣು ಕುಕ್ಕುತ್ತಿತ್ತು.

ಎರಡನೆಯದು, ಎಲ್ಲವನ್ನೂ ಪುಕ್ಕಟೆ ಕೊಟ್ಟದ್ದು. ಮೂರು ತಿಂಗಳ ಬಳಿಕ ಹೋಗಿ ನೋಡಿದರೆ ಹನ್ನೆರಡರಲ್ಲಿ ಮಗ್ಗದ ಮೇಲೆ ಉಳಿದದ್ದು ನಾಲ್ಕೋ ಐದೋ. ಎರಡು ಅಡುಗೆಮನೆಗೆ ಹೋಗಿದ್ದವು, ಒಂದು ದನದ ಕೊಟ್ಟಿಗೆಗೆ. ಇನ್ನೊಂದು ಓಣಿಯ ಗಣಪತಿ ಪೆಂಡಾಲಿನಲ್ಲಿ ಜಗಮಗಿಸುತ್ತಿತ್ತು. ಪೂಜೆಗೆ ಕರೆದು ಅದರ ಕೆಳಗೇ ನನಗೆ ಪ್ರಸಾದ ಕೊಟ್ಟರು. ಅವರನ್ನು ಬೈಯುವಂತಿಲ್ಲ. ಮಗ್ಗದ ಮೇಲೆ ಉಪಯೋಗಕ್ಕೆ ಬಾರದ ದೀಪವನ್ನು ಉಪಯೋಗಕ್ಕೆ ಬರುವಲ್ಲಿಗೆ ಒಯ್ದಿದ್ದರು, ಅಷ್ಟೇ.

ಮೂರನೆಯದು ಹಣ. ಎರಡನೆಯ ಕಂತಿಗೆ ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಬೇಕು. ಅದನ್ನು ಸಾಮಾನ್ಯ ಹಣಕಾಸು ನಿಯಮದ 12-ಎ ನಮೂನೆಯಲ್ಲೇ ಅಚ್ಚುಕಟ್ಟಾಗಿ ಕಳಿಸಿದೆ. ವಾಪಸು ಬಂತು: ಖಾತೆಯಲ್ಲಿ ಬಿದ್ದ ಬಡ್ಡಿ ತೋರಿಸಿಲ್ಲ. ಬಡ್ಡಿ ಮುನ್ನೂರರ ಆಸುಪಾಸು. ತೋರಿಸಿ ಕಳಿಸಿದೆ. ಮತ್ತೆ ವಾಪಸು: ಪಾಸ್‌ಬುಕ್ಕಿನ ಶಿಲ್ಕಿಗೂ ನಮ್ಮ ಲೆಕ್ಕಕ್ಕೂ ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ವ್ಯತ್ಯಾಸ. ಎರಡು ರಾತ್ರಿ ವೋಚರು ಹರಡಿಕೊಂಡು ಹುಡುಕಿದೆ. ಕೊನೆಗೆ ನೋಡಿದರೆ ಅದು ಬ್ಯಾಂಕಿನವರು ಮುರಿದುಕೊಂಡ ಎಸ್‌ಎಂಎಸ್ ಶುಲ್ಕ, ತೆರಿಗೆ ಸೇರಿ. ಗುಜರಿ ಅಂಗಡಿಯಿಂದ ತಂದ ಎರಡು ಹಳೆಯ ಬ್ಯಾಟರಿಗಳಿಗೆ ಜಿಎಸ್‌ಟಿ ಬಿಲ್ಲಿಲ್ಲ ಎಂಬ ಇನ್ನೊಂದು ಆಕ್ಷೇಪ. ಅಷ್ಟರಲ್ಲಿ ಆರ್ಥಿಕ ವರ್ಷವೂ ಮುಗಿಯಿತು, ಆರನೆಯ ಸೆಮಿಸ್ಟರ್ ಹುಡುಗರ ಪರೀಕ್ಷೆಯೂ ಮುಗಿಯಿತು. ಹುಡುಗರು ಊರು ಬಿಟ್ಟರು, ಎರಡನೆಯ ಕಂತು ಬರಲೇ ಇಲ್ಲ. ಅದನ್ನು ನಂಬಿ ಅಂಗಡಿಯಲ್ಲಿ ಉದ್ರಿ ತಂದಿದ್ದ ಹದಿನಾಲ್ಕು ಸಾವಿರವನ್ನು ನನ್ನ ಪಗಾರದಿಂದ ಮೂರು ತಿಂಗಳಲ್ಲಿ ತೀರಿಸಿದೆ. ಮನೆಯಲ್ಲಿ ಏನಾಯಿತೆಂದು ಬರೆಯುವುದಿಲ್ಲ.

ಮೂರನೆಯ ಸಲ ಎಲ್ಲವನ್ನೂ ತಿರುವಿ ಹಾಕಿದೆ. ಮೊದಲು ಕೆಲಸ, ಆಮೇಲೆ ಅರ್ಜಿ. ನಾಲ್ಕು ಸಾವಿರದೊಳಗೆ ಮೂರೇ ಮೂರು ಮಗ್ಗ. ಮೇಲಿನ ದೀಪ ಕಿತ್ತು, ಹನ್ನೆರಡು ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ ಫಣಿಯ (ಎಳೆಗಳು ಹಾಯುವ ಬಾಚಣಿಗೆಯ) ಆಚೆ ಬದಿಗೆ, ಎಳೆಗಳ ಮಟ್ಟಕ್ಕಿಂತ ತುಸುವೇ ಮೇಲೆ ಅಡ್ಡ ಕಟ್ಟಿದೆವು. ತಲೆಯ ನೆರಳು ಹೋಯಿತು. ಮೀಟರು ಐನೂರೈವತ್ತು ತೋರಿಸಿತು, ಈ ಸಲ ಮಗ್ಗದ ಮುಂದೆ ಜನರನ್ನು ಕೂರಿಸಿಯೇ ಅಳೆದೆವು. ಮಿಂಚು ಕಳೆಯಲು ಪಟ್ಟಿಯ ಮೇಲೆ ಏನನ್ನು ಹೊದಿಸಿದೆವು, ಎಷ್ಟು ಓರೆ ಇಟ್ಟೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಷ್ಟು ಹುಡುಕಲು ನಮಗೆ ಆರು ವಾರ ಹಿಡಿದಿದೆ, ನೀವೂ ಒಂದು ವಾರ ಹುಡುಕಿ. ಅಡುಗೆಮನೆಯಲ್ಲಿ ಸಿಗುವ ವಸ್ತುವೇ.

ನಡುವೆ ಒಂದು ಬಣ್ಣದ ಪ್ರಯೋಗವೂ ಆಯಿತು. ಒಬ್ಬ ಹುಡುಗಿ ಅಗ್ಗದ ಪಟ್ಟಿ, ದುಬಾರಿ ಪಟ್ಟಿ, ಹಳೆಯ ಅರವತ್ತು ವ್ಯಾಟಿನ ಬಲ್ಬು ಮೂರರ ಕೆಳಗೂ ಇಪ್ಪತ್ತು ನೂಲಿನ ತುಂಡು ಇಟ್ಟು ನೇಕಾರರಿಗೆ ಬಣ್ಣ ಗುರುತಿಸಲು ಹೇಳಿದಳು. ಅಗ್ಗದ ಬಿಳಿ ಪಟ್ಟಿಯ ಕೆಳಗೆ ದಾಳಿಂಬೆ ಕೆಂಪಿಗೂ ಕುಂಕುಮಗೆಂಪಿಗೂ ಅದಲು ಬದಲಾಯಿತು. ಹಳೆಯ ಬಲ್ಬಿನಲ್ಲಿ ತಪ್ಪೇ ಇಲ್ಲ. ನಾವು ತರಗತಿಯಲ್ಲಿ ವರ್ಣಪಟಲದ ಪಾಠ ಮಾಡಿ ಮಾಡಿ ಬೇಸರಗೊಂಡಿದ್ದು ಇಲ್ಲಿ ಒಂದು ಸೀರೆಯ ಬೆಲೆಯ ಪ್ರಶ್ನೆ. ಕೊನೆಗೆ ಒಂದು ಮೀಟರ್ ಉದ್ದಕ್ಕೆ ಎಂಬತ್ತು ತೊಂಬತ್ತು ರೂಪಾಯಿ ಹೆಚ್ಚು ಕೊಟ್ಟು ಒಳ್ಳೆಯ ಪಟ್ಟಿ ತಂದೆವು. ಆ ಹುಡುಗಿ ಈಗ ಎಂ.ಎಸ್‌ಸಿ. ಓದುತ್ತಿದ್ದಾಳೆ, ನನಗಿಂತ ಚೆನ್ನಾಗಿ ವರದಿ ಬರೆಯುತ್ತಾಳೆ.

ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುವ ಚರಕಕ್ಕೆ ಹೊಲಿಗೆ ಯಂತ್ರದ ಮೋಟಾರು ಜೋಡಿಸುವ ಇನ್ನೊಂದು ಸಾಹಸಕ್ಕೂ ಕೈಹಾಕಿದೆವು. ವೇಗ ಹತೋಟಿಗೆ ಬರದೆ ಅರ್ಧ ತಾಸಿನಲ್ಲಿ ಒಂದು ಲಡಿ ನೂಲು ಗಂಟಾಗಿ ಹೋಯಿತು. ಅದರ ದುಡ್ಡು ಕಟ್ಟಿಕೊಟ್ಟು ಬಂದೆವು.

ಅರ್ಜಿಗೆ ಬರುತ್ತೇನೆ. ನಲವತ್ತೈದು ಸಾವಿರ ಮಾತ್ರ ಕೇಳಿದೆ. ‘ಮಾಡಲಾಗುವುದು’ ಎಂಬ ಕ್ರಿಯಾಪದವನ್ನು ಆದಷ್ಟು ಹೊಡೆದುಹಾಕಿ, ಮೂರು ಮಗ್ಗಗಳ ಮುಂಚಿನ ಮತ್ತು ನಂತರದ ಅಳತೆ ಇಟ್ಟೆ. ಮೂರು ತಾಸು ಹಿಡಿಯುತ್ತಿದ್ದ ಕೊಂಡಿಯ ಕೆಲಸ ಎರಡೂಕಾಲು ತಾಸಿಗೆ ಇಳಿದಿತ್ತು. ಒಂದು ಮನೆಯಲ್ಲಿ ಏನೂ ಇಳಿದಿರಲಿಲ್ಲ, ಅದನ್ನೂ ಬರೆದೆ. ಅದೇ ಕನ್ನಡಕದ ಹಿರಿಯರು ಈ ಸಲವೂ ಇದ್ದರು. ಇಳಿಯದ ಆ ಒಂದು ಮನೆಯ ಬಗ್ಗೆಯೇ ಹತ್ತು ನಿಮಿಷ ಕೇಳಿದರು. ಆ ಮನೆಯ ನೇಕಾರರಿಗೆ ಕಣ್ಣಿನ ಪೊರೆ ಇತ್ತು, ದೀಪದಿಂದ ಆಗುವ ಕೆಲಸವಲ್ಲ ಎಂದೆ. ತಲೆಯಾಡಿಸಿದರು.

ಬಜೆಟ್ಟಿನ ಲೆಕ್ಕ ಹೀಗಿತ್ತು: ಮೊದಲ ಕಂತಿನಲ್ಲಿಯೇ ಇಡೀ ಯೋಜನೆ ಮುಗಿಯಬೇಕು. ಎರಡನೆಯ ಕಂತು ಬಂದರೆ ವರದಿ, ಪ್ರದರ್ಶನ, ಬಿಡಿಭಾಗ. ಬರದಿದ್ದರೆ ಯಾರಿಗೂ ಸಾಲವಿಲ್ಲ. ಸಹೋದ್ಯೋಗಿಗಳು ಇದನ್ನು ನಂಬಲೇ ಇಲ್ಲ. ‘ಅರ್ಧ ದುಡ್ಡಿಗೆ ಪೂರ್ತಿ ಕೆಲಸ ತೋರಿಸಿದರೆ ಉಳಿದರ್ಧ ಯಾಕೆ ಕೊಡುತ್ತಾರೆ?’ ಕೊಟ್ಟರು. ಎಂಟು ತಿಂಗಳು ತಡವಾಗಿ ಕೊಟ್ಟರು, ಆದರೆ ನಮಗೆ ಅವಸರವಿರಲಿಲ್ಲ.

ಅದಕ್ಕಿಂತ ದೊಡ್ಡ ಜಗಳ ನಡೆದದ್ದು ನೇಕಾರರಿಂದ ವಂತಿಗೆ ಪಡೆಯುವ ವಿಷಯಕ್ಕೆ. ಮಗ್ಗಕ್ಕೆ ಇನ್ನೂರು ರೂಪಾಯಿ ಎಂದು ನಿಗದಿ ಮಾಡಿದೆ. ಪಟ್ಟಿ, ಚಾನೆಲ್, ಅಡಾಪ್ಟರು ಸೇರಿ ನಮ್ಮ ಖರ್ಚು ಸುಮಾರು ಎಂಟುನೂರು. ‘ಬಡ ನೇಕಾರರ ಹತ್ತಿರ ವಸೂಲಿ ಮಾಡುತ್ತೀರಾ?’ ಎಂದು ಪ್ರಾಧ್ಯಾಪಕರೊಬ್ಬರು ಸಭೆಯಲ್ಲೇ ಎಗರಿದರು. ನನಗೂ ಒಳಗೊಳಗೇ ಅಳುಕಿತ್ತು. ಆದರೆ ಕೊಟ್ಟವರು ಮರುದಿನವೇ ಫೋನು ಮಾಡತೊಡಗಿದರು: ‘ಮಾಸ್ತರರೇ, ಎಡಗಡೆ ತುದಿ ಮಂಕಾಗಿದೆ, ಹುಡುಗರನ್ನು ಕಳಿಸಿ.’ ಹಿಂದಿನ ಸಲದ ಹನ್ನೆರಡು ಮನೆಗಳಿಂದ ಒಂದು ಫೋನೂ ಬಂದಿರಲಿಲ್ಲ. ಆ ವಂತಿಗೆ ಅನುದಾನದ ಖಾತೆಗೆ ಸೇರಬಾರದು, ನೆನಪಿರಲಿ. ಸೇರಿದರೆ ಆಡಿಟ್ಟಿನಲ್ಲಿ ಮತ್ತೊಂದು ರಾಮಾಯಣ. ಓಣಿಯ ಮಹಿಳಾ ಸ್ವಸಹಾಯ ಸಂಘದ ಪುಸ್ತಕದಲ್ಲಿ ಜಮಾ ಮಾಡಿಸಿದೆವು. ದುರಸ್ತಿಯ ಖರ್ಚು ಅಲ್ಲಿಂದಲೇ ನಡೆಯುತ್ತದೆ. ಈಗ ಇಪ್ಪತ್ತೆಂಟೋ ಮೂವತ್ತೋ ಮಗ್ಗಗಳಿವೆ, ಹೋದ ವಾರ ಎಣಿಸಿದಾಗ ದೀಪ ಇಲ್ಲದ್ದು ಎರಡೇ.

ಹುಡುಗರ ವಿಷಯದಲ್ಲೂ ಬುದ್ಧಿ ಬಂತು. ಕೊನೆಯ ವರ್ಷದವರನ್ನು ಮಾತ್ರ ಹಾಕಿಕೊಂಡರೆ ಜೂನಿನಲ್ಲಿ ಯೋಜನೆ ಅನಾಥ. ಆರನೆಯ ಸೆಮಿಸ್ಟರಿನ ಇಬ್ಬರು, ನಾಲ್ಕನೆಯದರ ಮೂವರು, ಎರಡನೆಯದರ ಒಬ್ಬರು ಎಂದು ತಂಡ ಕಟ್ಟಿದೆ. ಖರ್ಚಿನ ವಹಿ ಯಾವಾಗಲೂ ಚಿಕ್ಕವರ ಕೈಯಲ್ಲಿ. ಅಂದಂದಿನ ಬಿಲ್ಲು ಅಂದಂದೇ ಅಂಟಿಸಬೇಕು, ಟೆಂಪೊ ಬಾಡಿಗೆಯ ಚೀಟಿ ಸಹಿತ. ತಿಂಗಳ ಕೊನೆಯ ದಿನ ಪಾಸ್‌ಬುಕ್ ಮುದ್ರಿಸಿಕೊಂಡು ಬರಬೇಕು. ಬಡ್ಡಿಗೆ ಒಂದು ಕಲಮು, ಬ್ಯಾಂಕ್ ಶುಲ್ಕಕ್ಕೆ ಒಂದು ಕಲಮು. ಎರಡನೆಯ ಸೆಮಿಸ್ಟರಿನ ಆ ಹುಡುಗ ಒಂದು ದಿನ ತರಗತಿಯ ಬಾಗಿಲಲ್ಲಿ ನಿಂತು, ‘ಸರ್, ಮತ್ತೆ ಹದಿನೇಳು ಎಪ್ಪತ್ತು ಮುರಿದಿದ್ದಾರೆ’ ಎಂದಾಗ ನಾನು ಪಾಠ ನಿಲ್ಲಿಸಿ ನಕ್ಕೆ.

ಕರೆಂಟು ಹೋದಾಗಿನ ಗೋಳು ಇನ್ನೂ ಮುಗಿದಿಲ್ಲ. ಏಳು ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ ಒಂದು ಮೀಟರ್ ಉದ್ದದ ಪಟ್ಟಿಯನ್ನು ಐದು ತಾಸಿನ ಮೇಲೆ ನಡೆಸಬೇಕು, ನಮ್ಮಲ್ಲಿ ಮೂರೂವರೆಗೆ ಮಂಕಾಗುತ್ತದೆ. ಅಡಾಪ್ಟರಿನೊಳಗೆ ನೂಲಿನ ಜುಂಗು ತುಂಬಿ ಎರಡು ಸುಟ್ಟೂ ಹೋದವು. ಹತ್ತಿ ನೂಲಿನ ಮನೆಯಲ್ಲಿ ಇದು ಹುಡುಗಾಟವಲ್ಲ. ಈಗ ಅಡಾಪ್ಟರನ್ನು ಗೋಡೆಯ ಮೇಲೆ, ಮಗ್ಗದಿಂದ ದೂರ ಕೂರಿಸುತ್ತೇವೆ.

ಮುಂದಿನ ಅರ್ಜಿ ಕಂಡಿಕೆಯ ಚರಕಕ್ಕೆ, ಮೂವತ್ತೆಂಟು ಸಾವಿರ. ಆ ತಾಯಿಯೇ ಈ ಸಲ ಬಾಯಿಬಿಟ್ಟು ಕೇಳಿದ್ದಾರೆ, ‘ಮೋಟಾರು ಬೇಡ ಅಂದಿದ್ದೆ, ಆ ಮಾತು ಮಗ್ಗಕ್ಕೆ, ಚರಕಕ್ಕಲ್ಲ’ ಎಂದು. ಎರಡು ಕೊಟೇಶನ್ ಬಂದಿವೆ. ಮೂರನೆಯ ಅಂಗಡಿಯವರು ಜಾತ್ರೆಗೆ ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ. ಅರ್ಜಿಯ ಕೊನೆಯ ದಿನ ಮಂಗಳವಾರ.