ಜಿಎಚ್‌ಆರ್‌ಪಿ-6: ಪುಡಿಯಿಂದ ಸ್ಟಾಕ್ ದ್ರಾವಣದವರೆಗೆ

ವಯಲ್ ಮೇಲೆ 5 ಮಿಗ್ರಾಂ ಎಂದಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಪೆಪ್ಟೈಡ್ ಅಲ್ಲ. ಜಿಎಚ್‌ಆರ್‌ಪಿ-6 ಬೆಳವಣಿಗೆ ಹಾರ್ಮೋನನ್ನು ಬಿಡುಗಡೆ ಮಾಡಿಸುವ, ಆರು ಅಮೈನೋ ಆಮ್ಲಗಳ ಕೃತಕ ಅಣು, ಅಣುತೂಕ 873. ಧನಾವೇಶ ಹೊರುವ ಜಾಗಗಳು ಮೂರು: ಅಮೈನೋ ತುದಿ, ಹಿಸ್ಟಿಡಿನ್, ಲೈಸಿನ್. ಶುದ್ಧೀಕರಣದಲ್ಲಿ ಬಳಸಿದ ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ, ಅಣುತೂಕ 114) ಈ ಮೂರಕ್ಕೂ ಅಂಟಿದರೆ ಲವಣದ ತೂಕ 1215 ಆಗುತ್ತದೆ. ಅದರಲ್ಲಿ ಪೆಪ್ಟೈಡಿನ ಪಾಲು ಶೇ 72 ಮಾತ್ರ. ತೇವಾಂಶ ಸೇರಿದರೆ ಇನ್ನೂ ಕಡಿಮೆ. ಎಚ್‌ಪಿಎಲ್‌ಸಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಶುದ್ಧತೆ ಶೇ 98 ಎಂದು ಬರೆದಿದ್ದರೂ ನಂಬಿ ಕೂರಬೇಡಿ, ಲವಣವೂ ನೀರೂ ಆ ಲೆಕ್ಕಕ್ಕೆ ಬರುವುದೇ ಇಲ್ಲ. ವಿಶ್ಲೇಷಣಾ ಪತ್ರದಲ್ಲಿ ನೆಟ್ ಪೆಪ್ಟೈಡ್ ಕಂಟೆಂಟ್ (ಪುಡಿಯಲ್ಲಿ ನಿಜವಾದ ಪೆಪ್ಟೈಡಿನ ಪಾಲು) ಎಷ್ಟಿದೆ ನೋಡಿ. ಲೇಬಲ್‌ನ ತೂಕ ಒಟ್ಟು ಪುಡಿಯದೋ ನಿವ್ವಳದ್ದೋ ಎಂದು ಪೂರೈಕೆದಾರರನ್ನು ಕೇಳಿ.

ಒಟ್ಟು ಪುಡಿಯದಾದರೆ ಲೆಕ್ಕ ಹೀಗೆ: 5 × 0.72 = 3.6 ಮಿಗ್ರಾಂ, ಅಂದರೆ 4.12 ಮೈಕ್ರೋಮೋಲ್. ನಂತರ ತೆಳುವಾಗಿಸಿ ಬಳಸುವ 1 ಮಿಲಿಮೋಲಾರ್ ಸ್ಟಾಕ್‌ಗೆ 4.12 ಮಿಲೀ ಬೇಕು. ಲವಣವನ್ನು ಮರೆತವರು 5.73 ಮಿಲೀ ಹಾಕಿ, 0.72 ಮಿಲಿಮೋಲಾರ್ ದ್ರಾವಣವನ್ನು 1 ಎಂದುಕೊಂಡು ಬಳಸುತ್ತಾರೆ.

ಫ್ರೀಜರ್‌ನಿಂದ ತೆಗೆದ ವಯಲನ್ನು ಮುಚ್ಚಿದಂತೆಯೇ ಡೆಸಿಕೇಟರಿನಲ್ಲಿ (ಒಣ ಗಾಳಿಯ ಮುಚ್ಚಿದ ಪಾತ್ರೆ) ಇಟ್ಟು ಕೋಣೆಯ ತಾಪಕ್ಕೆ ಬರಲು ಬಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಮುಚ್ಚಳಕ್ಕೆ ಹತ್ತಿದ ಪುಡಿ ಕೆಳಗಿಳಿಯುವಂತೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ. 1 ಮಿಲೀ ಸ್ಟೆರೈಲ್ ನೀರನ್ನು ಗೋಡೆಯ ಮೇಲೆ ಇಳಿಬಿಟ್ಟು ಮೆಲ್ಲಗೆ ತಿರುಗಿಸಿ, ಪೆಪ್ಟೈಡ್ ಹೆಚ್ಚು ಅಂಟದ ಲೋ-ಬೈಂಡ್ ಟ್ಯೂಬಿಗೆ ವರ್ಗಾಯಿಸಿ. ವಯಲನ್ನು ತಲಾ 1 ಮಿಲೀಯಿಂದ ಎರಡು ಸಲ ತೊಳೆದು ಅದನ್ನೂ ಸೇರಿಸಿ, ಕೊನೆಗೆ 4.12ಕ್ಕೆ ತುಂಬಿಸಿ. ಅಲುಗಿಸಿದರೆ ಪೆಪ್ಟೈಡ್ ಕೆಡುತ್ತದೆ ಎಂಬ ಭಯ ದೊಡ್ಡ ಪ್ರೋಟೀನುಗಳಿಂದ ಬಂದದ್ದು. ಇಷ್ಟು ಚಿಕ್ಕ ಅಣುವಿಗೆ ಬಿಚ್ಚಿಹೋಗಲು ಮಡಿಕೆಯೇ ಇಲ್ಲ. ಆದರೂ ನೊರೆ ಎದ್ದರೆ ಹನಿಗಳು ಮುಚ್ಚಳಕ್ಕೆ ಹತ್ತಿ ಪರಿಮಾಣ ತಪ್ಪುತ್ತದೆ.

ಈಗ ಸ್ಟಾಕಿನ ಸಾಂದ್ರತೆಯನ್ನು ಬೆಳಕಿನ ಹೀರಿಕೆಯಿಂದ ಅಳೆದು ನೋಡಿ. ಇದರಲ್ಲಿ ಎರಡು ಟ್ರಿಪ್ಟೋಫಾನ್ ಇರುವುದು ಅನುಕೂಲ: 280 ನ್ಯಾನೋಮೀಟರಿನಲ್ಲಿ ತಲಾ 5500ರಂತೆ ಒಟ್ಟು ಹೀರಿಕೆ ಗುಣಾಂಕ 11,000. ಸ್ಟಾಕನ್ನು 50 ಪಟ್ಟು ತೆಳುವಾಗಿಸಿ (20 ಮೈಕ್ರೋಮೋಲಾರ್), 1 ಸೆಂಮೀ ಕ್ಯುವೆಟ್‌ನಲ್ಲಿ ಓದಿದರೆ 0.22ರ ಸುತ್ತ ಬರಬೇಕು. 320ರಲ್ಲೂ ಓದಿ, ಅಲ್ಲಿ ಸೊನ್ನೆಗಿಂತ ಗಮನಾರ್ಹವಾಗಿ ಹೆಚ್ಚಿದ್ದರೆ ದ್ರಾವಣ ಮಸುಕಾಗಿದೆ ಎಂದರ್ಥ. ಬ್ರಾಡ್‌ಫೋರ್ಡ್ ಎಂಬ ಬಣ್ಣದ ಪ್ರೋಟೀನ್ ಪರೀಕ್ಷೆ ಇಷ್ಟು ಸಣ್ಣ ಪೆಪ್ಟೈಡಿಗೆ ಕೆಲಸಕ್ಕೆ ಬಾರದು. ಇದೇ ಬಗೆಯ ಇಪಾಮೊರೆಲಿನ್‌ನಲ್ಲಿ ಟ್ರಿಪ್ಟೋಫಾನ್ ಇಲ್ಲ, ಅಲ್ಲಿ ಈ ಸೂತ್ರ ಹಾಕಬೇಡಿ.

ನ್ಯಾನೋಮೋಲಾರ್ ಮಟ್ಟಕ್ಕೆ ಇಳಿಸುವಾಗ ಬಫರಿಗೆ ಶೇ 0.1 ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಬೆರೆಸಿ, ಇಲ್ಲವಾದರೆ ಪೆಪ್ಟೈಡ್ ಟ್ಯೂಬಿನ ಗೋಡೆಗೇ ಅಂಟಿ ಕಳೆದುಹೋಗುತ್ತದೆ. ಬಿಎಸ್‌ಎ 280ರಲ್ಲಿ ತಾನೂ ಹೀರುವುದರಿಂದ ಮೇಲಿನ ಅಳತೆ ಅದಕ್ಕೂ ಮೊದಲೇ ಮುಗಿದಿರಲಿ. ಕೋಶಗಳ ಪ್ರಯೋಗಕ್ಕೆ ಅಸಿಟೇಟ್ ಲವಣ ಉತ್ತಮ. ಟಿಎಫ್‌ಎ ಇದ್ದೇ ಇದ್ದರೆ ಕಂಟ್ರೋಲ್‌ನಲ್ಲೂ ಅಷ್ಟೇ ಟಿಎಫ್‌ಎ ಇರಲಿ. ಸಂಶೋಧನಾ ದರ್ಜೆಯ ವಯಲಿನಲ್ಲಿ ಎಂಡೋಟಾಕ್ಸಿನ್ ಮಟ್ಟಕ್ಕಾಗಲಿ ಕ್ರಿಮಿರಾಹಿತ್ಯಕ್ಕಾಗಲಿ ಖಾತ್ರಿ ಇರುವುದಿಲ್ಲ, ಮನುಷ್ಯರ ದೇಹಕ್ಕೆ ಅದು ಸಲ್ಲದು.

ಸ್ಟಾಕನ್ನು ಒಂದೊಂದು ಪ್ರಯೋಗಕ್ಕೆ ಸಾಲುವಷ್ಟು ಅಲಿಕ್ವಾಟ್‌ಗಳಾಗಿ ಹಂಚಿ, ಬೆಳಕು ತಾಗದಂತೆ −80 ಡಿಗ್ರಿಯಲ್ಲಿಡಿ. ತನ್ನಷ್ಟಕ್ಕೆ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಬೇಡ. ಕರಗಿಸಿದ ಅಲಿಕ್ವಾಟ್ ಮಿಕ್ಕಿದರೆ ಮತ್ತೆ ಹೆಪ್ಪುಗಟ್ಟಿಸದೆ ಚೆಲ್ಲಿಬಿಡಿ.