ಲಿಂಕ್ ಅಪ್ ಆದ ಮೇಲೆ

2002ರಲ್ಲಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಸೇರಿದಾಗ ನನ್ನ ಕೈಗೆ ಸಿಕ್ಕಿದ್ದು ಎಸ್‌ಡಿಎಚ್ ಬೋರ್ಡ್, ಅಂದರೆ ಟೆಲಿಫೋನ್ ಕಂಪನಿಗಳು ಫೈಬರ್‌ನಲ್ಲಿ ಡೇಟಾ ಕಳಿಸುವ ಉಪಕರಣದ್ದು. ಸೆಕೆಂಡಿಗೆ 2.5 ಗಿಗಾಬಿಟ್. ಅದೇ ವರ್ಷ, ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್ನೆಟ್‌ಗೆ 10 ಗಿಗಾಬಿಟ್ ಸ್ಟ್ಯಾಂಡರ್ಡ್ ಬಂತು. ಈಥರ್ನೆಟ್ ಏನಿದ್ದರೂ ಆಫೀಸಿನ ಒಳಗೆ, ಊರಿಂದ ಊರಿಗೆ ಎಸ್‌ಡಿಎಚ್ಚೇ ಬೇಕು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದರು. ನಾನೂ ನಂಬಿದ್ದೆ. 2010ರಲ್ಲಿ 100 ಗಿಗಾ ಈಥರ್ನೆಟ್, 2017ರಲ್ಲಿ 400 ಗಿಗಾ ಬಂತು. ನಾನು ಅದರ ಹಿಂದೆಯೇ ನಡೆದೆ.

ಓದಿದ್ದು ಡಿಜಿಟಲ್ ಡಿಸೈನ್. ಸೊನ್ನೆ ಮತ್ತು ಒಂದು, ಅಷ್ಟೇ ನನಗೆ ಗೊತ್ತಿದ್ದದ್ದು. ಆದರೆ 10 ಗಿಗಾದಲ್ಲಿ ಒಂದು ಬಿಟ್‌ನ ಆಯಸ್ಸು ಸುಮಾರು 97 ಪಿಕೋಸೆಕೆಂಡ್. ಅಷ್ಟರಲ್ಲಿ ಫೈಬರ್‌ನೊಳಗೆ ಬೆಳಕು ಬರೀ 2 ಸೆಂ.ಮೀ. ಹೋಗಿರುತ್ತದೆ. ಸ್ಕೋಪ್‌ನಲ್ಲಿ ಐ ಡಯಾಗ್ರಾಂ (ಬಿಟ್‌ಗಳ ಅಲೆಗಳನ್ನು ಒಂದರ ಮೇಲೊಂದು ಇಟ್ಟಾಗ ಕಣ್ಣಿನಂತೆ ಕಾಣುವ ಚಿತ್ರ) ನೋಡಿದಾಗಲೇ ಅರ್ಥವಾಯಿತು, ಅಲ್ಲಿ ಸೊನ್ನೆಯೂ ಇಲ್ಲ, ಒಂದೂ ಇಲ್ಲ. ಏರುವ, ಇಳಿಯುವ, ನಡುಗುವ ವೋಲ್ಟೇಜ್ ಇದೆ. ಅಲ್ಲಿಂದ ಅನಲಾಗ್ ಪುಸ್ತಕಗಳನ್ನು ಮತ್ತೆ ಮೊದಲಿಂದ ಓದಿದೆ.

400 ಗಿಗಾದಲ್ಲಿ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಎರಡಲ್ಲ, ನಾಲ್ಕು ಮಟ್ಟದ ಸಿಗ್ನಲ್, ಅಂದರೆ ಪ್ಯಾಮ್-4. ಅಷ್ಟೇ ಎತ್ತರದಲ್ಲಿ ಮೂರು ಕಣ್ಣು ತೆರೆಯಬೇಕು, ಪ್ರತಿ ಕಣ್ಣಿಗೂ ಮೂರರಲ್ಲೊಂದು ಪಾಲು. ಹಾಗಾಗಿ ತಪ್ಪುಗಳು ಆಗಿಯೇ ಆಗುತ್ತವೆ. ಅವನ್ನು ಸರಿಮಾಡಲು ಎಫ್‌ಇಸಿ ಇದೆ, ಡೇಟಾ ಜೊತೆ ಹೆಚ್ಚುವರಿ ಬಿಟ್ ಕಳಿಸಿ ತಪ್ಪು ತಿದ್ದುವ ವಿಧಾನ. ಒಂದು ಕೋಡ್‌ವರ್ಡ್‌ನಲ್ಲಿ, ಅಂದರೆ ಹಾಗೆ ಕಳಿಸುವ ಒಂದು ಕಂತಿನಲ್ಲಿ, 544 ಸಿಂಬಲ್ (ಬಿಟ್‌ಗಳ ಸಣ್ಣ ಗುಂಪು). 15ರ ತನಕ ಕೆಟ್ಟರೂ ಅದು ರಿಪೇರಿ ಮಾಡುತ್ತದೆ. 16ನೆಯದು ಕೆಟ್ಟಿತೋ, ಫ್ರೇಮ್, ಅಂದರೆ ಆ ಡೇಟಾ ಪೊಟ್ಟಣ, ಹೋಯಿತು.

ಇದನ್ನು ನಾನು ನಿಜವಾಗಿ ಕಲಿತದ್ದು ಒಂದು ಪೋರ್ಟ್‌ನಿಂದ. ಅದರಲ್ಲಿದ್ದದ್ದು ಬೆಳಕನ್ನು 2 ಕಿ.ಮೀ. ಕಳಿಸುವ 400 ಗಿಗಾ ಮಾಡ್ಯೂಲ್. ಲಿಂಕ್ ಅಪ್ ಆಗಿತ್ತು, ಅಂದರೆ ಎರಡೂ ತುದಿ ಜೋಡಣೆಯಾಗಿತ್ತು, ಮೂರು ದಿನ ಒಂದು ಫ್ರೇಮೂ ಬಿದ್ದುಹೋಗಿರಲಿಲ್ಲ. ಹೀಟ್ ಚೇಂಬರ್‌ಗೆ ಹಾಕಿದ ಮೇಲೆ ಬೀಳತೊಡಗಿತು. ಸರ್ಡೆಸ್ (ಚಿಪ್‌ನಲ್ಲಿ ಬಿಟ್‌ಗಳನ್ನು ಸಾಲಾಗಿ ಕಳಿಸಿ ಪಡೆಯುವ ಭಾಗ) ಸೆಟ್ಟಿಂಗ್ ಸರಿಯಿಲ್ಲ ಅಂದುಕೊಂಡು ಎರಡು ವಾರ ಸಿಗ್ನಲ್ ತಿದ್ದುವ ಈಕ್ವಲೈಜರ್ ಟ್ಯಾಪ್‌ಗಳನ್ನು ತಿರುಗಿಸುತ್ತಾ ಕೂತೆ. ಲ್ಯಾಬ್‌ನ ಹಿರಿಯ ಟೆಕ್ನಿಷಿಯನ್ ಒಬ್ಬರು ಬಂದು ಕೇಳಿದರು, "ಫೈಬರ್ ಮುಖ ಒಂದ್ಸಲ ನೋಡಿದ್ರಾ ಸಾರ್?"

ನೋಡಿರಲಿಲ್ಲ. ಪ್ಯಾಚ್ ಕಾರ್ಡ್ ಬಿಚ್ಚಿ ಮೈಕ್ರೋಸ್ಕೋಪ್‌ಗೆ ಸಿಕ್ಕಿಸಿದೆ. ಪರದೆಯ ಮೇಲೆ ಬೂದು ಬಣ್ಣದ ದುಂಡು ತಟ್ಟೆ, ನಡುವೆ ಬೆಳಕು ಸಾಗುವ ಕೋರ್. ಅದರ ಅಗಲ 9 ಮೈಕ್ರಾನ್, ತಲೆಕೂದಲು ಅದರ ಏಳೆಂಟು ಪಟ್ಟು ದಪ್ಪ. ಆ ಕೋರ್‌ನ ಅಂಚಿಗೇ ಒಂದು ಕಪ್ಪು ಚುಕ್ಕೆ, ಸುತ್ತ ಎಣ್ಣೆಯಂಥ ಮಬ್ಬು. ಯಾರದೋ ಬೆರಳು ತಾಗಿತ್ತು. ಕ್ಲೀನರ್ ಪೆನ್ ಒತ್ತಿದೆ, ಟಿಕ್ ಅಂತು. ಮತ್ತೆ ನೋಡಿದರೆ ತಟ್ಟೆ ನುಣುಪು. ಪೋರ್ಟ್ ಅದೇ ಬಿಸಿಯಲ್ಲಿ ರಾತ್ರಿಯಿಡೀ ಓಡಿತು.

ಆ ಚುಕ್ಕೆ ಬೆಳಕನ್ನು ತಡೆಯುವುದಷ್ಟೇ ಅಲ್ಲ, ಹಿಂದಕ್ಕೂ ಕಳಿಸುತ್ತಿತ್ತು. ಹಾಗೆ ಮರಳಿದ ಬೆಳಕು ಸಿಗ್ನಲ್‌ಗೆ ಬೆರೆತರೆ ಪ್ಯಾಮ್-4ರ ಸಣ್ಣ ಕಣ್ಣುಗಳು ತಡೆಯುವುದಿಲ್ಲ. ತಂಪಿನಲ್ಲಿ ಎಫ್‌ಇಸಿ ಅದನ್ನೆಲ್ಲ ಮುಚ್ಚಿಹಾಕಿತ್ತು. ಬಿಸಿಗೆ ಲೇಸರ್ ಸ್ವಲ್ಪ ಸೊರಗಿತು, ಗುಟ್ಟು ಹೊರಬಿತ್ತು.

ಅವತ್ತಿನಿಂದ ಲಿಂಕ್ ಅಪ್ ಅನ್ನುವ ಹಸಿರು ದೀಪವನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ. ಎಫ್‌ಇಸಿಗೆ ಮುಂಚಿನ ಬಿಟ್ ಎರರ್ ನೋಡುತ್ತೇನೆ. ಸುಮಾರು 4,000 ಬಿಟ್‌ಗೆ ಒಂದು ತಪ್ಪು ಅಂದರೆ ಅಂಚಿಗೆ ಬಂದ ಹಾಗೆ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಕೋಡ್‌ವರ್ಡ್‌ನಲ್ಲಿ ಒಂದು ಸಿಂಬಲ್ ಕೆಟ್ಟಿದೆ, ಎಷ್ಟರಲ್ಲಿ ಎರಡು, ಮೂರು, ಹೀಗೆ 15ರ ತನಕ ಪಟ್ಟಿ ತೆಗೆಯುತ್ತೇನೆ. ಒಳ್ಳೆಯ ಪೋರ್ಟ್‌ನಲ್ಲಿ ಆ ಲೆಕ್ಕ ಬೇಗ ಸೊನ್ನೆಗೆ ಇಳಿಯುತ್ತದೆ. ಕೆಟ್ಟದ್ದರಲ್ಲಿ ಬಾಲ ಉದ್ದ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರ ನಾನು ಕೊಡುವುದು ಈ ಪಟ್ಟಿ ಮತ್ತು ಮೈಕ್ರೋಸ್ಕೋಪ್. ಕೋಡ್ ಆಮೇಲೆ.

ಈಗ ಮೇಜಿನ ಮೇಲೆ 800 ಗಿಗಾ ಬೋರ್ಡ್ ಇದೆ. ನಿನ್ನೆ ರಾತ್ರಿ 11ನೇ ಪೋರ್ಟ್‌ನ ಬಾಲ 9ರ ತನಕ ಬಂದಿತ್ತು, ಪಕ್ಕದ್ದೆಲ್ಲ 4ಕ್ಕೇ ನಿಂತಿವೆ. ಫ್ರೇಮ್ ಒಂದೂ ಬಿದ್ದಿಲ್ಲ. ಫೈಬರ್ ಮುಖ ನೋಡಿದೆ, ಚೊಕ್ಕವಾಗಿದೆ. ಇವತ್ತು ಮಾಡ್ಯೂಲ್‌ಗಳನ್ನು ಅದಲು ಬದಲು ಮಾಡಿ ನೋಡಬೇಕು.